‘ಮೊದಲು ಬ್ಯಾಕಪ್ ತೆಗೆದುಕೊಳ್ಳಿ’: ಒಂದು ಸೂಚನೆಯ ವಿಮರ್ಶೆ

ಗಣಕದ ಕಾರ್ಯಾಚರಣಾ ವ್ಯವಸ್ಥೆಯನ್ನು ಹಳೆಯ ಆವೃತ್ತಿಯಿಂದ ಹೊಸ ಆವೃತ್ತಿಗೆ ಏರಿಸುವುದು ಹೇಗೆಂದು ತಿಳಿಸುವ ಬಹುಪಾಲು ಕೈಪಿಡಿಗಳಲ್ಲಿ ಆರಂಭದಲ್ಲೇ ಒಂದು ಎಚ್ಚರಿಕೆ ಇರುತ್ತದೆ: ‘ಮೊದಲು ನಿಮ್ಮ ಕಡತಗಳ ಬ್ಯಾಕಪ್ ತೆಗೆದುಕೊಳ್ಳಿ.’ ಆ ಸಾಲು ಮುಗಿದೊಡನೆ ಕೈಪಿಡಿ ತನ್ನ ಕೆಲಸಕ್ಕೆ ಹೊರಡುತ್ತದೆ. ಯಾವ ಗುಂಡಿ ಒತ್ತಬೇಕು, ಯಾವ ಕಿಟಕಿ ತೆರೆಯುತ್ತದೆ, ಗಣಕ ಎಷ್ಟು ಸಲ ತಾನಾಗಿ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ ಎಂಬುದೆಲ್ಲ ಚಿತ್ರಸಹಿತ ಬರುತ್ತದೆ. ಬ್ಯಾಕಪ್ ಎಂದರೇನು, ಯಾವುದರ ಬ್ಯಾಕಪ್, ಎಲ್ಲಿಗೆ, ಅದು ಸರಿಯಾಗಿ ಆಯಿತೆಂದು ತಿಳಿಯುವುದು ಹೇಗೆ ಎಂಬ ಬಗ್ಗೆ ಏನೂ ಇರುವುದಿಲ್ಲ. ಪ್ರಯೋಗಶಾಲೆಯ ಪುಸ್ತಕದಲ್ಲಿ ‘ಎಚ್ಚರಿಕೆಯಿಂದ ಅಳೆಯಿರಿ’ ಎಂದಷ್ಟೇ ಬರೆದು ವರ್ನಿಯರ್ ಕ್ಯಾಲಿಪರ್ಸ್‌ನ ಶೂನ್ಯ ದೋಷದ ಮಾತೇ ಎತ್ತದಿದ್ದರೆ ನಾವು ಒಪ್ಪುತ್ತೇವೆಯೆ? ಈ ಒಂದು ಸಾಲನ್ನು ಅದೇ ಕಣ್ಣಿನಿಂದ ನೋಡುವುದು ಈ ಲೇಖನದ ಉದ್ದೇಶ.

ಇದು ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲ. ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. 2021ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11 ಎಲ್ಲ ಗಣಕಗಳ ಮೇಲೂ ಕೂರುವುದಿಲ್ಲ. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಬೇಕು. ಇಂಟೆಲ್ ಸಂಸ್ಕಾರಕವಾದರೆ ಸ್ಥೂಲವಾಗಿ ಎಂಟನೆಯ ತಲೆಮಾರಿನದು ಅಥವಾ ಆನಂತರದ್ದು ಆಗಿರಬೇಕು. ಹಾಗಾಗಿ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಅಧ್ಯಾಪಕರ ಮುಂದಿರುವ ದಾರಿಗಳು ಮೂರು: ಇರುವ ಗಣಕವನ್ನೇ ಮೇಲ್ದರ್ಜೆಗೇರಿಸುವುದು, ಹೊಸದನ್ನು ಕೊಳ್ಳುವುದು, ಇಲ್ಲವೆ ಹಳೆಯದಕ್ಕೆ ಉಬುಂಟುವಿನಂಥ ಲಿನಕ್ಸ್ ಹಾಕುವುದು. ಯಾವ ದಾರಿ ಹಿಡಿದರೂ ಕಡತಗಳನ್ನು ಒಮ್ಮೆ ಎತ್ತಿ ಇಡಲೇಬೇಕು. ಕಾರ್ಯಾಚರಣಾ ವ್ಯವಸ್ಥೆ ಹಾಳಾದರೆ ಮತ್ತೆ ಹಾಕಬಹುದು. ಹದಿನೈದು ವರ್ಷ ಕೂಡಿಸಿದ ಪಾಠ ಟಿಪ್ಪಣಿ, ಪ್ರಶ್ನೆ ಸಂಗ್ರಹ, ಆಂತರಿಕ ಅಂಕಗಳ ಪಟ್ಟಿ, ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿ, ಮಕ್ಕಳ ನಾಮಕರಣದ ಫೋಟೋ, ಇವು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಯಾವ ಕಡತಗಳು?

‘ನಿಮ್ಮ ಕಡತಗಳು’ ಎಂಬ ಮಾತು ಕೇಳಲು ಸರಳ. ಆದರೆ ಬಳಕೆದಾರನಿಗೆ ತನ್ನ ಕಡತ ಡಿಸ್ಕಿನ ಯಾವ ಮೂಲೆಯಲ್ಲಿದೆ ಎಂಬುದೇ ಹಲವು ಸಲ ಗೊತ್ತಿರುವುದಿಲ್ಲ. ಪರದೆಯ ಮೇಲೆ ಕಾಣುವ ‘ಡೆಸ್ಕ್‌ಟಾಪ್’ ಬೇರೆಯೇ ಒಂದು ಜಾಗವೆಂದು ತಿಳಿದವರಿದ್ದಾರೆ. ಅದು ಸಿ ಡ್ರೈವ್‌ನಲ್ಲಿ ಬಳಕೆದಾರನ ಹೆಸರಿನ ಫೋಲ್ಡರಿನೊಳಗಿರುವ ಇನ್ನೊಂದು ಫೋಲ್ಡರ್, ಅಷ್ಟೆ. ಇನ್ನು ಕೆಲವರು ಡೆಸ್ಕ್‌ಟಾಪ್ ಮೇಲಿನ ಚಿಹ್ನೆಗಳನ್ನೆಲ್ಲ ಒಟ್ಟಿಗೆ ಆರಿಸಿ ಪೆನ್‌ಡ್ರೈವ್‌ಗೆ ಎಳೆದುಹಾಕಿ ನಿಶ್ಚಿಂತರಾಗುತ್ತಾರೆ. ಅವುಗಳಲ್ಲಿ ಅರ್ಧ ‘ಶಾರ್ಟ್‌ಕಟ್’ಗಳಾಗಿರುತ್ತವೆ. ಶಾರ್ಟ್‌ಕಟ್ ಎಂದರೆ ಮನೆಯಲ್ಲ, ಮನೆಯ ವಿಳಾಸ ಬರೆದ ಚೀಟಿ. ಅದರ ಗಾತ್ರ ಒಂದೆರಡು ಕಿಲೋಬೈಟ್. ಮೂಲ ಫೋಲ್ಡರು ಅಳಿಸಿಹೋದ ಮೇಲೆ ಆ ಚೀಟಿ ಹಿಡಿದು ಹೋದವನಿಗೆ ಖಾಲಿ ನಿವೇಶನವೂ ಸಿಗುವುದಿಲ್ಲ! ‘ಬ್ಯಾಕಪ್ ಆಗಿದೆ’ ಎನ್ನುವ ಮುನ್ನ ಮೂಲ ಮತ್ತು ಪ್ರತಿ ಎರಡರ ಗಾತ್ರವನ್ನೂ ಕಡತಗಳ ಸಂಖ್ಯೆಯನ್ನೂ ಹೋಲಿಸಿ ನೋಡಿದರೆ ಇಂಥ ಭ್ರಮೆ ಅರ್ಧ ನಿಮಿಷದಲ್ಲಿ ಕಳೆಯುತ್ತದೆ.

ಕಣ್ಣಿಗೆ ಬೀಳದ ಜಾಗಗಳೂ ಇವೆ. ಬ್ರೌಸರ್‌ನಲ್ಲಿ ಉಳಿಸಿದ ಗುಪ್ತಪದಗಳು, ಔಟ್‌ಲುಕ್‌ನ ಅಂಚೆ ಕಡತ, ಸಹಕಾರ ಸಂಘದ ಲೆಕ್ಕ ಬರೆಯುವವರ ಟ್ಯಾಲಿ ದತ್ತಾಂಶ, ‘ಡೌನ್‌ಲೋಡ್ಸ್’ನಲ್ಲೇ ವರ್ಷಗಟ್ಟಲೆ ಬಿದ್ದಿರುವ ಸುತ್ತೋಲೆಗಳು. ತಂತ್ರಾಂಶ ತಯಾರಕರು ಇವನ್ನು ಬೇರೆಬೇರೆ ಕಡೆ ಬಚ್ಚಿಟ್ಟು, ಬಳಕೆದಾರನಿಗೆ ‘ನಿಮ್ಮ ಕಡತಗಳು’ ಎಂದು ಹೇಳುವುದು ನ್ಯಾಯವೆನಿಸುವುದಿಲ್ಲ.

ಡಿ ಡ್ರೈವ್ ಎಂಬ ನಂಬಿಕೆ

ನಮ್ಮ ಊರುಗಳಲ್ಲಿ ಗಣಕ ರಿಪೇರಿಯವರು ಬಹುಕಾಲದಿಂದ ಒಂದು ಪದ್ಧತಿಯನ್ನು ಕಲಿಸಿದ್ದಾರೆ. ಹಾರ್ಡ್‌ಡಿಸ್ಕನ್ನು ಸಿ ಮತ್ತು ಡಿ ಎಂದು ಎರಡು ಭಾಗ ಮಾಡುವುದು. ವಿಂಡೋಸ್ ಸಿ ಭಾಗದಲ್ಲಿ, ನಮ್ಮ ಕಡತಗಳೆಲ್ಲ ಡಿ ಭಾಗದಲ್ಲಿ. ವೈರಸ್ ಬಂದರೆ ಸಿ ಭಾಗವನ್ನಷ್ಟೇ ‘ಫಾರ್ಮ್ಯಾಟ್’ ಮಾಡಿ ವಿಂಡೋಸನ್ನು ಹೊಸದಾಗಿ ಹಾಕುತ್ತಾರೆ, ಡಿ ಹಾಗೆಯೇ ಉಳಿಯುತ್ತದೆ. ಈ ಪದ್ಧತಿಯನ್ನು ಹಳಿಯಲು ನಾನು ಸಿದ್ಧನಿಲ್ಲ. ಜೆರಾಕ್ಸ್ ಅಂಗಡಿಯಿಂದ ಪೆನ್‌ಡ್ರೈವ್‌ನಲ್ಲಿ ವಾರಕ್ಕೊಂದು ವೈರಸ್ ಬರುತ್ತಿದ್ದ ಕಾಲದಲ್ಲಿ ಅದು ಎಷ್ಟೋ ಜನರ ಕಡತಗಳನ್ನು ಉಳಿಸಿದೆ. ತೊಂದರೆ ಆದದ್ದು, ‘ಡಿಯಲ್ಲಿದೆ’ ಎಂಬುದೇ ‘ಬ್ಯಾಕಪ್ ಇದೆ’ ಎಂಬುದಕ್ಕೆ ಪರ್ಯಾಯ ಪದವಾದಾಗ.

ಇಲ್ಲಿ ಸಂಭವನೀಯತೆಯ ಮೊದಲ ಪಾಠವನ್ನು ನೆನೆಯಬೇಕು. ಉದಾಹರಣೆಗಾಗಿ, ಒಂದು ಡಿಸ್ಕು ವರ್ಷದೊಳಗೆ ಕೆಡುವ ಸಂಭವ 20ರಲ್ಲಿ 1 ಎಂದಿಟ್ಟುಕೊಳ್ಳಿ. ಬೇರೆಬೇರೆಯಾದ ಎರಡು ಡಿಸ್ಕುಗಳಲ್ಲಿ ಒಂದೊಂದು ಪ್ರತಿ ಇದ್ದರೆ ಎರಡೂ ಕೆಡುವ ಸಂಭವ 20ರಲ್ಲಿ 1 ಗುಣಿಸು 20ರಲ್ಲಿ 1, ಅಂದರೆ 400ರಲ್ಲಿ 1. ಈ ಗುಣಾಕಾರ ಮಾಡಲು ನಮಗೆ ಅಧಿಕಾರ ಕೊಡುವುದು ಒಂದೇ ಒಂದು ಷರತ್ತು: ಎರಡು ಘಟನೆಗಳೂ ಪರಸ್ಪರ ಸ್ವತಂತ್ರವಾಗಿರಬೇಕು. ಸಿ ಮತ್ತು ಡಿ ಒಂದೇ ಡಿಸ್ಕಿನ ಎರಡು ಕೋಣೆಗಳು. ಆ ಡಿಸ್ಕು ನಿಂತರೆ ಎರಡೂ ನಿಲ್ಲುತ್ತವೆ. ಸಂಭವ 20ರಲ್ಲಿ 1 ಆಗಿಯೇ ಉಳಿಯುತ್ತದೆ. ಪ್ರತಿ ಮಾಡಿದ ಶ್ರಮವೆಲ್ಲ ವ್ಯರ್ಥ.

ಸ್ವಾತಂತ್ರ್ಯದ ಈ ತತ್ತ್ವಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ದೊಡ್ಡ ನಿದರ್ಶನ ಇದೆ. 1965ರಲ್ಲಿ ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್‌ನಲ್ಲಿ, ನೆಲಮಟ್ಟದಿಂದ ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಕುರುಹನ್ನು ಕಂಡರು. ಅವರ ಉಪಕರಣದಲ್ಲಿ ಎದುರುಬದುರಾಗಿ ನಿಲ್ಲಿಸಿದ ಎರಡು ಸಿಂಟಿಲೇಟರ್ ಗೋಡೆಗಳಿದ್ದವು. ಒಂದು ಗೋಡೆಯಲ್ಲಿ ಮಾತ್ರ ಮಿಡಿತ ಬಂದರೆ ಅದನ್ನು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಎರಡರಲ್ಲೂ ಒಟ್ಟಿಗೆ ಬಂದಾಗ ಮಾತ್ರ ನಿಯಾನ್ ನಳಿಕೆಗಳು ಬೆಳಗಿ ಕಣದ ಜಾಡು ಛಾಯಾಚಿತ್ರಕ್ಕೆ ಸಿಗುತ್ತಿತ್ತು. ಒಂದೊಂದು ಗೋಡೆಯ ಹುಸಿ ಮಿಡಿತಗಳು ಇನ್ನೊಂದನ್ನು ಕೇಳಿ ಬರುವುದಿಲ್ಲವಾದ್ದರಿಂದ, ಎರಡೂ ಆಕಸ್ಮಿಕವಾಗಿ ಜೊತೆಗೂಡುವ ಸಂಭವ ತೀರ ಕಡಿಮೆ. ಎರಡಕ್ಕೂ ಸಮಾನವಾದ ಯಾವುದೋ ದೋಷ ಹೊಕ್ಕಿದ್ದರೆ ಆ ಎಚ್ಚರವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ ಆಗುತ್ತಿತ್ತು. ಬ್ಯಾಕಪ್‌ನ ಗಣಿತವೂ ಇದೇ.

ಡಿ ಡ್ರೈವ್‌ನ ನಂಬಿಕೆ ಇನ್ನೊಂದು ರೀತಿಯಲ್ಲೂ ಕೈಕೊಟ್ಟಿತು. ಇದು ದಾಖಲಾದ ಸಂಗತಿ. ಮೈಕ್ರೋಸಾಫ್ಟ್ 2018ರ ಅಕ್ಟೋಬರ್ 2ರಂದು ವಿಂಡೋಸ್ 10ರ 1809 ಎಂಬ ಆವೃತ್ತಿಯನ್ನು ಬಿಡುಗಡೆ ಮಾಡಿತು. ಕೆಲವೇ ದಿನಗಳಲ್ಲಿ ‘ನನ್ನ ಡಾಕ್ಯುಮೆಂಟ್ಸ್ ಫೋಲ್ಡರ್ ಬರಿದಾಗಿದೆ’ ಎಂಬ ದೂರುಗಳು ಬಂದು, ಸಂಸ್ಥೆ ಅದರ ವಿತರಣೆಯನ್ನೇ ತಡೆಹಿಡಿಯಬೇಕಾಯಿತು. ಸರಿಪಡಿಸಿದ ಆವೃತ್ತಿ ಮತ್ತೆ ಹೊರಬಂದದ್ದು ನವೆಂಬರ್ 13ರಂದು. ಆದದ್ದೇನು? ಡಾಕ್ಯುಮೆಂಟ್ಸ್‌ನಂಥ ಫೋಲ್ಡರುಗಳನ್ನು ಸಿ ಡ್ರೈವ್‌ನಿಂದ ಬೇರೆ ಡ್ರೈವ್‌ಗೆ ತಿರುಗಿಸಿಕೊಳ್ಳಲು ವಿಂಡೋಸ್‌ನಲ್ಲಿ ಅವಕಾಶವಿದೆ. ಹಾಗೆ ತಿರುಗಿಸಿದ ಮೇಲೆ ಹಳೆಯ ಜಾಗದಲ್ಲಿ ಅದೇ ಹೆಸರಿನ ಫೋಲ್ಡರ್ ಉಳಿದುಕೊಳ್ಳುತ್ತಿತ್ತು. ಖಾಲಿ ಜೋಡಿ ಫೋಲ್ಡರುಗಳು ಗೊಂದಲ ಮಾಡುತ್ತವೆಂದು ಬಳಕೆದಾರರು ಹೇಳಿದ್ದರಿಂದ ಅವನ್ನು ತೆಗೆದುಹಾಕುವ ಸಂಕೇತವನ್ನು ಸೇರಿಸಲಾಯಿತು. ಹಳೆಯ ಫೋಲ್ಡರು ನಿಜವಾಗಿಯೂ ಖಾಲಿ ಇದೆಯೆ ಎಂದು ನೋಡದೆ ಅದು ಗುಡಿಸಿಬಿಟ್ಟಿತು! ಹಳೆಯ ಜಾಗದಲ್ಲೂ ಕಡತಗಳನ್ನು ಉಳಿಸಿಕೊಂಡಿದ್ದವರು ಅವನ್ನು ಕಳೆದುಕೊಂಡರು.

ಬಾಧಿತರು ಅನುಸ್ಥಾಪನೆಗಳಲ್ಲಿ ಹತ್ತು ಸಾವಿರಕ್ಕೆ ಒಂದರಷ್ಟು ಮಾತ್ರ ಎಂದು ಸಂಸ್ಥೆ ಹೇಳಿಕೊಂಡಿತು. ಈ ಸಂಖ್ಯೆಯನ್ನು ಅಲ್ಲಗಳೆಯುವ ಆಧಾರ ನನ್ನಲ್ಲಿಲ್ಲ. ಆದರೆ ಸರಾಸರಿ ಸಮಾಧಾನ ಕೊಡುವುದು ತಯಾರಕನಿಗೆ; ಕಡತ ಹೋದವನ ಪಾಲಿಗೆ ನಷ್ಟ ನೂರಕ್ಕೆ ನೂರು. ಗಮನಿಸಬೇಕಾದದ್ದು, ಈ ದೋಷಕ್ಕೆ ಸಿಕ್ಕಿದವರು ಅಜಾಗರೂಕರಲ್ಲ, ಫೋಲ್ಡರನ್ನು ಬೇರೆ ಕಡೆಗೆ ಸಾಗಿಸುವಷ್ಟು ಜಾಗರೂಕರು. ಏರಿಕೆಯ ವೇಳೆ ವಿಂಡೋಸ್ ಕೇಳುವ ‘ನಿಮ್ಮ ಕಡತಗಳನ್ನು ಉಳಿಸಿಕೊಳ್ಳಲೆ?’ ಎಂಬ ಆಯ್ಕೆ ಬಹುತೇಕ ಸಲ ಮಾತು ಉಳಿಸಿಕೊಳ್ಳುತ್ತದೆ ಎಂಬುದೂ ನಿಜವೇ. ಹಳೆಯ ವ್ಯವಸ್ಥೆಯನ್ನು ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರಿನಲ್ಲಿ ಇಟ್ಟು, ಹಿಂದಿರುಗಲು ಸಾಮಾನ್ಯವಾಗಿ ಹತ್ತು ದಿನಗಳ ಅವಕಾಶ ಕೊಡುವುದು ಒಳ್ಳೆಯ ಏರ್ಪಾಡು. ಆದರೆ ಅದೂ ಅದೇ ಡಿಸ್ಕಿನಲ್ಲಿದೆ.

ಲಿನಕ್ಸ್‌ನ ಕಡೆಗೆ ಹೋಗುವವರಿಗೂ ಒಂದು ಮಾತು. ಉಬುಂಟು ಅನುಸ್ಥಾಪನೆಯ ವೇಳೆ ‘ಡಿಸ್ಕನ್ನು ಅಳಿಸಿ ಉಬುಂಟು ಹಾಕು’ ಎಂಬ ಆಯ್ಕೆ ಬರುತ್ತದೆ. ಅಲ್ಲಿ ಡಿಸ್ಕು ಎಂದರೆ ಇಡೀ ಡಿಸ್ಕು. ಸಿ, ಡಿ ಎಂಬ ಭೇದ ಅದಕ್ಕೆ ಗೊತ್ತಿಲ್ಲ. ‘ಫಾರ್ಮ್ಯಾಟ್ ಆದರೂ ಡಿ ಉಳಿಯುತ್ತದೆ’ ಎಂಬ ಹಳೆಯ ಅನುಭವವನ್ನು ನಂಬಿ ಈ ಗುಂಡಿ ಒತ್ತಿದರೆ ಎಲ್ಲವೂ ಹೋಗುತ್ತದೆ.

ಪೆನ್‌ಡ್ರೈವ್ ಮತ್ತು ಮೋಡ

ಸರಿ, ಬೇರೆ ಸಾಧನಕ್ಕೇ ಪ್ರತಿ ಮಾಡೋಣ. ಕೈಗೆ ಮೊದಲು ಸಿಗುವುದು ಪೆನ್‌ಡ್ರೈವ್. ಅದರೊಳಗೆ ಮಾಹಿತಿ ಇರುವುದು ನಿರೋಧಕ ಪದರಗಳ ನಡುವೆ ಬಂಧಿಯಾದ ಎಲೆಕ್ಟ್ರಾನುಗಳ ರೂಪದಲ್ಲಿ. ಬರೆಯುವಾಗ ಹೆಚ್ಚಿನ ವಿದ್ಯುದ್ವಿಭವ ಕೊಟ್ಟು ಎಲೆಕ್ಟ್ರಾನುಗಳನ್ನು ತಡೆಗೋಡೆಯ ಮೂಲಕ ಒಳಗೆ ನುಗ್ಗಿಸಲಾಗುತ್ತದೆ. ಪದವಿ ತರಗತಿಯಲ್ಲಿ ಕ್ವಾಂಟಮ್ ಸುರಂಗ ಪರಿಣಾಮ ಎಂದು ಕಲಿಸುವುದು ಇದನ್ನೇ. ಒಳಗೆ ಹೋಗಲು ದಾರಿ ಇದ್ದ ಮೇಲೆ ಹೊರಗೆ ಸೋರಲೂ ದಾರಿ ಇದ್ದೇ ಇರುತ್ತದೆ, ಬಹಳ ನಿಧಾನವಾಗಿ. ಹಿಂದೆ ಒಂದು ಕೋಶದಲ್ಲಿ ಒಂದು ಬಿಟ್ ಮಾತ್ರ ಇರುತ್ತಿತ್ತು: ಆವೇಶ ಇದೆ ಅಥವಾ ಇಲ್ಲ. ಈಗ ಅಗ್ಗವಾಗಿಸಲು ಒಂದೇ ಕೋಶದಲ್ಲಿ ಮೂರು ಬಿಟ್ ತುಂಬುತ್ತಾರೆ. ಅದಕ್ಕೆ ಆವೇಶದ ಎಂಟು ಮಟ್ಟಗಳನ್ನು ಬೇರ್ಪಡಿಸಿ ಗುರುತಿಸಬೇಕು. ಮಟ್ಟಗಳ ನಡುವಿನ ಅಂತರ ಕಿರಿದಾದಷ್ಟೂ ಸ್ವಲ್ಪ ಸೋರಿಕೆಯೂ ತಪ್ಪು ಓದಿಗೆ ದಾರಿ. ಉಷ್ಣತೆ ಏರಿದಷ್ಟೂ ಸೋರಿಕೆ ಹೆಚ್ಚು. ಜೆಡೆಕ್ ಎಂಬ ಮಾನಕ ಸಂಸ್ಥೆ ಸಾಮಾನ್ಯ ಬಳಕೆಯ ಎಸ್‌ಎಸ್‌ಡಿಗೆ ಇಟ್ಟಿರುವ ಷರತ್ತು ಇದು: ಘೋಷಿತ ಬರವಣಿಗೆಯ ಮಿತಿಯನ್ನು ಮುಗಿಸಿದ ಮೇಲೆ, ವಿದ್ಯುತ್ ಇಲ್ಲದೆ, 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾಹಿತಿಯನ್ನು ಉಳಿಸಿಕೊಳ್ಳಬೇಕು. ಹೊಸ ಸಾಧನ ಇದಕ್ಕಿಂತ ಬಹಳ ಹೆಚ್ಚು ಕಾಲ ಬಾಳುತ್ತದೆ, ನಿಜ. ಆದರೂ ಏಪ್ರಿಲ್ ಬಿಸಿಲಿನಲ್ಲಿ ಸ್ಕೂಟರಿನ ಡಿಕ್ಕಿಯೊಳಗೆ ಬಿದ್ದಿರುವ ಐದು ವರ್ಷ ಹಳೆಯ ಪೆನ್‌ಡ್ರೈವನ್ನು ಏಕೈಕ ಪ್ರತಿಯ ನೆಲೆಯಾಗಿ ನಂಬುವುದು ಭೌತವಿಜ್ಞಾನಕ್ಕೆ ಒಪ್ಪುವ ಮಾತಲ್ಲ. ಹೊರಗಿನಿಂದ ಜೋಡಿಸುವ ಹಾರ್ಡ್‌ಡಿಸ್ಕು ಈ ಕೆಲಸಕ್ಕೆ ಉತ್ತಮ. ಅದನ್ನು ಬೀಳಿಸದಿದ್ದರೆ ಸಾಕು.

ವೇಗದ ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಿ ನೋಡಬಹುದು. 100 ಗಿಗಾಬೈಟ್ ಕಡತಗಳಿವೆ ಎನ್ನಿ. ಸೆಕೆಂಡಿಗೆ 30 ಮೆಗಾಬೈಟ್ ಬರೆಯುವ ಹೊರಡಿಸ್ಕಿಗೆ ಒಂದು ಗಂಟೆಗಿಂತ ತುಸು ಕಡಿಮೆ ಬೇಕು. ಸೆಕೆಂಡಿಗೆ 8 ಮೆಗಾಬೈಟ್ ಬರೆಯುವ ಪೆನ್‌ಡ್ರೈವ್‌ಗೆ ಸುಮಾರು ಮೂರೂವರೆ ಗಂಟೆ. ಸೆಕೆಂಡಿಗೆ 5 ಮೆಗಾಬಿಟ್ ಮೇಲಕ್ಕೆ ಕಳಿಸುವ ಅಂತರಜಾಲ ಸಂಪರ್ಕವಾದರೆ (ಬಿಟ್ ಮತ್ತು ಬೈಟ್‌ಗಳ ನಡುವಿನ ಎಂಟರ ಗುಣಕವನ್ನು ಮರೆಯಬೇಡಿ) 44 ಗಂಟೆಗೂ ಹೆಚ್ಚು. ಕರೆಂಟು ಹೋಗದೆ ಇದ್ದರೆ!

‘ಮೋಡ’ ಎಂದು ಕರೆಯುವ ದೂರದ ಸಂಗ್ರಹಣೆಯ ವಿಷಯದಲ್ಲಿ ನನ್ನ ತಕರಾರು ಬೇರೆ. ವಿಂಡೋಸ್‌ನೊಡನೆ ಬರುವ ‘ವಿಂಡೋಸ್ ಬ್ಯಾಕಪ್’ ಎಂಬ ಉಪಕರಣದ ಹೆಸರು ಆಶ್ವಾಸನೆ ಕೊಡುವಂತಿದೆ. ಆದರೆ ಅದು ಕಡತಗಳನ್ನು ಕಳಿಸುವುದು ಒನ್‌ಡ್ರೈವ್‌ಗೆ; ಅಲ್ಲಿ ಉಚಿತವಾಗಿ ದೊರೆಯುವ ಜಾಗ 5 ಗಿಗಾಬೈಟ್. ಅದು ಎತ್ತಿಕೊಳ್ಳುವುದೂ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮೊದಲಾದ ಗೊತ್ತುಪಡಿಸಿದ ಫೋಲ್ಡರುಗಳನ್ನು. ಡಿ ಡ್ರೈವ್‌ನಲ್ಲಿ ‘ಕಾಲೇಜು 2014’ ಎಂದು ಹೆಸರಿಟ್ಟ ಫೋಲ್ಡರು ಅದರ ಕಣ್ಣಿಗೆ ಬೀಳುವುದಿಲ್ಲ. ನಮ್ಮವರು ಎಲ್ಲಿ ಕಡತ ಇಡುತ್ತಾರೋ ಅಲ್ಲಿಗೇ ಅದರ ಕೈ ಹೋಗುವುದಿಲ್ಲ ಎಂದಾಯಿತು. ಇದಲ್ಲದೆ ಒನ್‌ಡ್ರೈವ್, ಗೂಗಲ್ ಡ್ರೈವ್‌ಗಳು ಮುಖ್ಯವಾಗಿ ಮಾಡುವುದು ಸಮೀಕರಣ: ಇಲ್ಲಿ ಬದಲಾದದ್ದು ಅಲ್ಲೂ ಬದಲಾಗುತ್ತದೆ, ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಕಸದ ಬುಟ್ಟಿಯಲ್ಲಿ ಮೂವತ್ತು ದಿನ ಇರುತ್ತದೆ, ಆಮೇಲಿಲ್ಲ. ಹಿಂದೆ ಹೇಳಿದ ಸ್ವಾತಂತ್ರ್ಯದ ಷರತ್ತು ಇಲ್ಲಿ ಪೂರ್ತಿ ಪಾಲನೆಯಾಗುವುದಿಲ್ಲ. ಎರಡನೆಯ ಪ್ರತಿಯಾಗಿ ಮೋಡ ಒಳ್ಳೆಯದು, ಒಂಟಿ ಪ್ರತಿಯಾಗಿ ಅಲ್ಲ. ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ 3-2-1 ಎಂಬ ಸೂತ್ರ ಇದನ್ನೇ ಹೇಳುತ್ತದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಸ್ಥಳದಲ್ಲಿ. ಮಾಲೂರಿನಲ್ಲಿ ಮನೆ, ಕೋಲಾರದಲ್ಲಿ ಕೆಲಸ ಇರುವವರಿಗೆ ಆ ‘ಬೇರೆ ಸ್ಥಳ’ ಕಾಲೇಜಿನ ಬೀರುವೇ ಆಗಬಹುದು.

ಹೊಸ ಗಣಕಗಳಲ್ಲಿ ಇನ್ನೊಂದು ಸಂಗತಿ ಸೇರಿಕೊಂಡಿದೆ. ವಿಂಡೋಸ್ 11ರ 2024ರ ಆವೃತ್ತಿಯಿಂದ ಹೊಸದಾಗಿ ಅನುಸ್ಥಾಪಿಸಿದ ಅನೇಕ ಗಣಕಗಳಲ್ಲಿ ಡಿಸ್ಕಿನ ಗೂಢಲಿಪೀಕರಣ ತಾನಾಗಿ ಚಾಲೂ ಆಗುತ್ತದೆ. ಮುಂದೊಮ್ಮೆ ಡಿಸ್ಕನ್ನು ಬಿಚ್ಚಿ ಬೇರೆ ಗಣಕಕ್ಕೆ ಜೋಡಿಸಿ ಕಡತ ತೆಗೆಯುತ್ತೇನೆಂದರೆ, 48 ಅಂಕಿಗಳ ಕೀಲಿ ಸಂಖ್ಯೆ ಕೇಳುತ್ತದೆ. ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು, ಅದೇ ಗಣಕದೊಳಗೆ ಅಲ್ಲ.

ಕೈಪಿಡಿಗಳು ಪೂರ್ತಿ ಬಿಟ್ಟುಬಿಡುವ ಹಂತ ಪರಿಶೀಲನೆ. ನಕಲು ಮಾಡುವ ಹಸಿರು ಪಟ್ಟಿ ಕೊನೆ ಮುಟ್ಟಿತೆಂದರೆ ಕೆಲವೊಮ್ಮೆ ಮಾಹಿತಿ ಇನ್ನೂ ಗಣಕದ ಸ್ಮೃತಿಯಲ್ಲೇ ಇರುತ್ತದೆ; ‘ಸುರಕ್ಷಿತವಾಗಿ ತೆಗೆ’ ಎಂಬ ಆಜ್ಞೆ ಇರುವುದು ಅದಕ್ಕೇ. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಕೆಲವು ಪೆನ್‌ಡ್ರೈವ್‌ಗಳು ಇಲ್ಲದ ಸಾಮರ್ಥ್ಯವನ್ನು ಇದೆಯೆಂದು ತೋರಿಸುತ್ತವೆ. ಅವು ಕಡತದ ಹೆಸರನ್ನು ಬರೆದುಕೊಳ್ಳುತ್ತವೆ, ಒಳಗಿನ ಹೂರಣ ಇರುವುದಿಲ್ಲ. ಹಾಗಾಗಿ ಪ್ರತಿಯನ್ನು ಇನ್ನೊಂದು ಗಣಕಕ್ಕೆ ಹಾಕಿ, ಅಲ್ಲೊಂದು ಇಲ್ಲೊಂದು ಕಡತ ತೆರೆದು ನೋಡುವುದು ಅಗತ್ಯ. ಇನ್ನೂ ಖಚಿತವಾಗಬೇಕೆಂದರೆ ಎಸ್‌ಎಚ್‌ಎ-256 ಎಂಬ ಗಣಿತೀಯ ಬೆರಳಚ್ಚು ಇದೆ. ಕಡತ ಎಷ್ಟೇ ದೊಡ್ಡದಿರಲಿ, ಅದರಿಂದ 64 ಚಿಹ್ನೆಗಳ ಒಂದು ಸಾಲು ಹುಟ್ಟುತ್ತದೆ. ಒಂದು ಬಿಟ್ ಬದಲಾದರೂ ಸಾಲು ಗುರುತೇ ಸಿಗದಂತೆ ಬದಲಾಗುತ್ತದೆ. ವಿಂಡೋಸ್, ಲಿನಕ್ಸ್ ಎರಡರಲ್ಲೂ ಇದನ್ನು ಲೆಕ್ಕ ಹಾಕುವ ಆಜ್ಞೆ ಮೊದಲೇ ಇದೆ. ಮೂಲ ಮತ್ತು ಪ್ರತಿಯ ಸಾಲುಗಳು ಒಂದೇ ಆಗಿದ್ದರೆ ಪ್ರತಿ ಸರಿ. ಬಿಎಸ್‌ಸಿ ವಿದ್ಯಾರ್ಥಿಗಳಿಗೆ ಅರ್ಧ ಗಂಟೆಯ ಸೊಗಸಾದ ಪ್ರಯೋಗವಾಗಬಲ್ಲದು ಇದು.

ಕಡತ ಉಳಿದು ಕನ್ನಡ ಹೋದರೆ?

ಇಲ್ಲಿಯವರೆಗಿನ ಟೀಕೆ ಯಾವ ದೇಶದ ಬಳಕೆದಾರನಿಗೂ ಸಲ್ಲುವಂಥದು. ಕನ್ನಡದಲ್ಲಿ ಬರೆಯುವ ಅಧ್ಯಾಪಕನಿಗೆ ಇನ್ನೊಂದು ಗಂಡಾಂತರವಿದೆ. ಕಡತ ಬಿಟ್ಟುಬಿಡದೆ ನಕಲಾಗಿದೆ, ಬೆರಳಚ್ಚೂ ಹೊಂದುತ್ತದೆ, ಹೊಸ ಗಣಕದಲ್ಲಿ ತೆರೆದರೆ ಪರದೆಯ ತುಂಬ ಟೋಪಿ, ಬಾಲ ಹೊತ್ತ ರೋಮನ್ ಅಕ್ಷರಗಳು!

ಕಾರಣ ಹೀಗಿದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ವಿಂಡೋಸ್‌ನಲ್ಲಿ ಅದಕ್ಕೆ ಬೆಂಬಲ ಬಂದದ್ದು 2001ರ ಎಕ್ಸ್‌ಪಿಯೊಡನೆ, ‘ತುಂಗಾ’ ಎಂಬ ಅಕ್ಷರವಿನ್ಯಾಸದ ಮೂಲಕ. ಅಷ್ಟರಲ್ಲಿ ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ, ಶ್ರೀಲಿಪಿ ಮುಂತಾದ ತಂತ್ರಾಂಶಗಳು ನಮ್ಮನ್ನು ಬರೆಯಲು ಕೂರಿಸಿದ್ದವು. ಅವುಗಳ ಉಪಕಾರ ದೊಡ್ಡದು. ಆಗಿನ ವಿಧಾನದಲ್ಲಿ ಕಡತದೊಳಗೆ ಇರುತ್ತಿದ್ದದ್ದು ರೋಮನ್ ಲಿಪಿಯ ಸಂಕೇತ ಸಂಖ್ಯೆಗಳೇ. ಆ ಸಂಖ್ಯೆಗಳ ಜಾಗದಲ್ಲಿ ಕನ್ನಡದ ತುಂಡುಗಳ ಚಿತ್ರ ಬರೆದ ಫಾಂಟ್ ಗಣಕದಲ್ಲಿದ್ದರೆ ಮಾತ್ರ ಕಣ್ಣಿಗೆ ಕನ್ನಡ. ಆ ಫಾಂಟ್‌ಗಳು ಸಾಮಾನ್ಯವಾಗಿ ಇರುತ್ತಿದ್ದದ್ದು ವಿಂಡೋಸ್‌ನ ಸ್ವಂತ ಫೋಲ್ಡರಿನಲ್ಲಿ. ‘ನಿಮ್ಮ ಕಡತಗಳು’ ಎಂಬ ಪಟ್ಟಿಯಲ್ಲಿ ಅವು ಸೇರುವುದಿಲ್ಲ. ಹೊಸದಾಗಿ ವಿಂಡೋಸ್ ಹಾಕಿದಾಗ ಹೊರಟುಹೋಗುತ್ತವೆ. ಮಾಸ್ತಿಯವರ, ಡಿವಿಜಿಯವರ ಹಸ್ತಪ್ರತಿಯನ್ನು ಇಂದು ಓದಲು ಕನ್ನಡಕವೊಂದು ಸಾಕು. 2006ರಲ್ಲಿ ನುಡಿಯಲ್ಲಿ ಬರೆದ ಪಾಠವನ್ನು ಓದಲು ಅಂದಿನ ಫಾಂಟ್ ಬೇಕು.

ಆದ್ದರಿಂದ ಹಳೆಯ ಗಣಕ ಇನ್ನೂ ಓಡುತ್ತಿರುವಾಗಲೇ ಫಾಂಟ್ ಕಡತಗಳನ್ನೂ ತಂತ್ರಾಂಶದ ಅನುಸ್ಥಾಪಕವನ್ನೂ ಪ್ರತಿಯ ಜೊತೆಗೇ ಎತ್ತಿಡಬೇಕು. ಮುಖ್ಯವಾದ ಬರಹಗಳನ್ನು ಪಿಡಿಎಫ್ ಮಾಡಿಟ್ಟರೆ ಫಾಂಟ್ ಅದರೊಳಗೇ ಅಡಕವಾಗಿ ರೂಪವಾದರೂ ಉಳಿಯುತ್ತದೆ. ಹುಡುಕಲು, ತಿದ್ದಲು ಬರುವುದಿಲ್ಲ. ಶಾಶ್ವತ ಪರಿಹಾರ ಯೂನಿಕೋಡ್‌ಗೆ ಪರಿವರ್ತನೆ, ಅದಕ್ಕೆ ಪರಿವರ್ತಕಗಳಿವೆ. ಆದರೆ ಅದನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ‘ಘರ್ಷಣೆ’ ಎಂಬ ಪದದ ಅರ್ಕಾವೊತ್ತು ಹಳೆಯ ಪದ್ಧತಿಯಲ್ಲಿ ‘ಷ’ ಆದ ಮೇಲೆ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರವಾಗಿ ‘ಷ’ಕ್ಕೆ ಮೊದಲೇ ಬರಬೇಕು. ಒಳ್ಳೆಯ ಪರಿವರ್ತಕ ಇದನ್ನು ಸರಿಪಡಿಸುತ್ತದೆ. ವಿಜ್ಞಾನದ ಪಾಠಗಳಲ್ಲಿ ಹೆಚ್ಚು ಪೆಟ್ಟಾಗುವುದು ಸೂತ್ರಗಳಿಗೆ. ಕನ್ನಡದ ನಡುವೆ ರೋಮನ್ ಅಕ್ಷರಗಳಲ್ಲಿ ಬರೆದ ಸಮೀಕರಣ, ಮಾನಗಳ ಚಿಹ್ನೆ, ಗ್ರೀಕ್ ಅಕ್ಷರ, ಇವನ್ನು ಪಠ್ಯವಾಗಿ ಮಾತ್ರ ನೋಡುವ ಪರಿವರ್ತಕ ಕನ್ನಡವೆಂದೇ ಭಾವಿಸಿ ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತದೆ. ಪರಿವರ್ತಿಸಿದ ಪ್ರತಿಯನ್ನು ಹಳೆಯ ಗಣಕದ ಪಿಡಿಎಫ್ ಪಕ್ಕದಲ್ಲಿಟ್ಟುಕೊಂಡು ಸಮೀಕರಣಗಳನ್ನು ಒಂದೊಂದಾಗಿ ತಾಳೆ ನೋಡಬೇಕಾಗುತ್ತದೆ. ಒಂದು ವರ್ಷದ ಟಿಪ್ಪಣಿಗೆ ಒಂದೆರಡು ಭಾನುವಾರ ಹಿಡಿಯುವ ಕೆಲಸ. ಅದು ಮುಗಿಯುವವರೆಗೆ ಹಳೆಯ ಗಣಕಕ್ಕೆ ಹೊಸ ವ್ಯವಸ್ಥೆ ಹಾಕಿಸುವುದನ್ನು ಮುಂದೂಡಬಹುದು.